ಮಣ್ಣಿನ ಸಮೇತ ಇಟ್ಟ ನಾಣ್ಯಗಳು

ಹೋದ ವಾರ ಎದುರುಮನೆಯ ಬಾಣಂತಿಯನ್ನು ನೋಡಲು ಹೋಗಿದ್ದೆ. ಕೂಸಿಗೆ ಹಚ್ಚಲು ಅವಳ ತಾಯಿ ಅಡುಗೆಮನೆಯಲ್ಲಿ ಕಾಡಿಗೆ ಹಿಡಿಯುತ್ತಿದ್ದರು. ಹರಳೆಣ್ಣೆ ದೀಪ, ಅದರ ಮೇಲೆ ಬೋರಲು ಹಾಕಿದ ಹಿತ್ತಾಳೆ ತಟ್ಟೆ, ತಟ್ಟೆಯ ತಳಕ್ಕೆ ಕಟ್ಟುತ್ತಿದ್ದ ಕಪ್ಪು. ಎಳೆಗೂಸಿನ ಕಣ್ಣಿಗೆ ಕಾಡಿಗೆ ಬೇಡ ಎಂದು ಡಾಕ್ಟರು ಹೇಳುತ್ತಾರೆ, ನಾನೂ ಹೇಳುವವಳೇ. ಅದನ್ನೇ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಕೂಸಿನ ಕೈಗೆ ದುಡ್ಡು ಕೊಡುವುದನ್ನೂ ಮರೆತು ರಸ್ತೆ ದಾಟಿ ಮನೆಗೆ ಓಡಿಬಂದೆ. ಮಗಳು ಸಿಂಚನ ನಡುಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಲೆಕ್ಕ ಮಾಡುತ್ತಿದ್ದಳು. ಮೊದಲು ಅವಳ ಪಾದ ನೋಡಿದೆ. ಬರಿಗಾಲು. ಆಮೇಲೆ ನನಗೆ ಉಸಿರು ಬಂತು. ಏನಮ್ಮ ಅಂದಳು. ಏನಿಲ್ಲ ಅಂದೆ.

ಏನಿಲ್ಲ ಅಂದೆನೇ ಹೊರತು ಆ ವಾಸನೆ ನನ್ನನ್ನು ಮೂರು ವರ್ಷದ ಹಿಂದಿನ ಆಷಾಢಕ್ಕೆ ಎಳೆದುಕೊಂಡು ಹೋಗಿತ್ತು. ಅದಕ್ಕೂ ಮುಂಚೆ ಅಂಜಿಕೆ ನನ್ನ ಸ್ವಭಾವದಲ್ಲೇ ಇರಲಿಲ್ಲ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸಣ್ಣದೊಂದು ರಕ್ತಪರೀಕ್ಷೆಯ ಲ್ಯಾಬ್ ಇಟ್ಟುಕೊಂಡಿದ್ದೇನೆ. ಸೂಜಿ ಕಂಡರೆ ಬೆವರುವ ಗಂಡಸರನ್ನು ಗದರಿಸಿ ಕೂಡಿಸಿ ರಕ್ತ ತೆಗೆದವಳು ನಾನು. ದೃಷ್ಟಿಯಾಗಿದೆ, ಗಾಳಿ ಸೋಕಿದೆ ಎಂದು ಯಾರಾದರೂ ಬಂದರೆ ಮೊದಲು ಹಿಮೋಗ್ಲೋಬಿನ್ ನೋಡೋಣ ಕೂಡ್ರಿ ಅನ್ನುವವಳು. ಅಂಥವಳ ಧೈರ್ಯವನ್ನು ಆ ಒಂದು ಮಳೆಗಾಲ ಬುಡಸಮೇತ ಕಿತ್ತು ಹಾಕಿತು. ಅದಕ್ಕೆ ನೆಪವಾದದ್ದು ಅಪ್ಪ ಬಿಟ್ಟುಹೋದ ಹಳೆಯ ನಾಣ್ಯಗಳು.

ಅಪ್ಪ ಹರಿಹರದಲ್ಲಿ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ವಾರವೆಲ್ಲ ನಟ್ಟು ಬೋಲ್ಟು ಎಣಿಸಿ ಬೇಜಾರಾಗಿಯೋ ಏನೋ, ರಜೆ ಬಂತೆಂದರೆ ಮೊಪೆಡ್ ಹತ್ತಿ ಹಳೆ ಕಾಸು ಹುಡುಕಲು ಹೊರಡುತ್ತಿದ್ದರು. ಮಲೆಬೆನ್ನೂರಿನಲ್ಲಿ ಗುಜರಿ ತಾಮ್ರ ಕೊಳ್ಳುವವರ ತಕ್ಕಡಿ ಮುಂದೆ ಗಂಟೆಗಟ್ಟಲೆ ಕೂತಿರುತ್ತಿದ್ದರು. ಗದ್ದೆ ಉಳುವಾಗ ಸಿಕ್ಕಿದ್ದನ್ನು ರೈತರು ಅವರಿಗೆಂದೇ ಎತ್ತಿಡುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಸ್ನಾನಘಟ್ಟದ ಕೆಳಗಿನ ಮರಳಿನಲ್ಲಿ ಒಂದೆರಡು ಸಿಗುತ್ತಿದ್ದವು. ವಿಜಯನಗರದ ಕಾಲದ ಗೂಳಿ ಕಾಸು, ಮೈಸೂರಿನ ಆನೆ ಕಾಸು, ಶಾತವಾಹನರದ್ದೆಂದು ಅಪ್ಪ ಹೇಳುತ್ತಿದ್ದ ದಪ್ಪನೆಯ ಸೀಸದ ಬಿಲ್ಲೆಗಳು. ಚಿನ್ನ ಬೆಳ್ಳಿ ಅದರಲ್ಲಿ ಒಂದೂ ಇರಲಿಲ್ಲ. ಅಪ್ಪನದೊಂದು ವಿಚಿತ್ರ ಪದ್ಧತಿಯಿತ್ತು. ನಾಣ್ಯವನ್ನು ತೊಳೆಯುತ್ತಿರಲಿಲ್ಲ, ಸಿಕ್ಕ ಜಾಗದ ಮಣ್ಣನ್ನು ಒಂದು ಚಿಟಿಕೆ ಅದರ ಜೊತೆಗೇ ಇಟ್ಟು ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದರು. ಎರೆಮಣ್ಣು, ಕೆಂಪು ಮಣ್ಣು, ಹೊಳೆ ಮರಳು. ಯಾಕಪ್ಪ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ‘ಕಾಸಿಗೂ ಒಂದು ಊರಿರ್ತೈತವ್ವ. ಮಣ್ಣು ತೊಳದ್ರೆ ಅದಕ್ಕೆ ಊರೇ ಇಲ್ದಂಗಾಗ್ತೈತೆ,’ ಅಂದಿದ್ದರು.

ಅಪ್ಪ ತೀರಿಕೊಂಡ ಮೇಲೆ ಆ ಗಂಟುಗಳಿದ್ದ ಟ್ರಂಕನ್ನು ಅಣ್ಣ ತಂದು ನನ್ನ ಮನೆಯಲ್ಲಿಳಿಸಿದ. ಅವನಿಗೆ ಅದರಲ್ಲಿ ಆಸಕ್ತಿಯಿಲ್ಲ, ಎಸೆಯಲು ಮನಸ್ಸೂ ಇಲ್ಲ. ಆಷಾಢದಲ್ಲಿ ಮಧ್ಯಾಹ್ನದ ಹೊತ್ತು ಲ್ಯಾಬಿಗೆ ಜನ ಕಡಿಮೆ. ಜಿಟಿಜಿಟಿ ಮಳೆ ಬೇರೆ. ಸರಿ, ಇವನ್ನಾದರೂ ಒಂದು ಕ್ರಮಕ್ಕೆ ತರೋಣ ಎಂದು ಕೂತೆ. ನನಗೆ ಗೊತ್ತಿದ್ದದ್ದು ಸ್ಯಾಂಪಲ್ ಜೋಡಿಸುವ ಕೆಲಸ. ಬಿಳಿ ಮುಚ್ಚಳದ ಹೊಸ ಸ್ಯಾಂಪಲ್ ಬಾಟಲಿಗಳನ್ನೇ ತೆಗೆದುಕೊಂಡೆ. ಒಂದು ಗಂಟು ಬಿಚ್ಚುವುದು, ನಾಣ್ಯವನ್ನು ಲ್ಯಾಬಿನ ತಕ್ಕಡಿಯಲ್ಲಿ ತೂಗುವುದು, ದೀಪಕ್ಕೆ ಓರೆಯಾಗಿ ಹಿಡಿದು ಮೇಲಿರುವ ಚಿತ್ರ ಯಾವುದೆಂದು ನೋಡುವುದು, ಆಮೇಲೆ ಮಣ್ಣಿನ ಸಮೇತ ಬಾಟಲಿಗೆ ಇಳಿಸಿ ಚೀಟಿ ಅಂಟಿಸುವುದು. ಚೀಟಿಯಲ್ಲಿ ಪೇಷಂಟಿನ ಹೆಸರಿರುವ ಕಡೆ ಊರು, ವಯಸ್ಸಿರುವ ಕಡೆ ಕಾಲ. ಸಿಂಚನ ಶಾಲೆಯಿಂದ ಬಂದವಳೇ ಪಕ್ಕದಲ್ಲಿ ಕೂತು, ಈ ಪೇಷಂಟಿಗೆ ಆರುನೂರು ವರ್ಷ, ಶುಗರ್ ಇರಬಹುದಾ ಅಮ್ಮ ಎಂದು ನಗಿಸುತ್ತಿದ್ದಳು. ಸವೆದ ಕಾಸಿನ ಮೇಲೆ ಗೂಳಿಯ ಬೆನ್ನನ್ನು ನನಗಿಂತ ಮೊದಲು ಅವಳೇ ಗುರುತಿಸುತ್ತಿದ್ದಳು. ಅವಳಿಗಾಗ ಹನ್ನೆರಡು ನಡೆಯುತ್ತಿತ್ತು. ಅಪ್ಪ ಪಕ್ಕದಲ್ಲಿ ಕೂತಂತೆಯೇ ಅನಿಸುತ್ತಿದ್ದ ಆ ಮಧ್ಯಾಹ್ನಗಳು ಸುಖವಾಗಿದ್ದವು.

ಸಿಂಚನಳ ಪಾದದ ವಿಷಯ ಇಲ್ಲಿ ಹೇಳಬೇಕು. ಅವಳು ಹುಟ್ಟುವಾಗ ಕಾಲು ಮುಂದೆ ಮಾಡಿ ಬಂದವಳು. ಅಂಥವರು ಎಡಗಾಲಿನಿಂದ ಮೆಲ್ಲಗೆ ತುಳಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಉಂಟು. ಅವಳು ನಡೆಯಲು ಕಲಿತಾಗಿನಿಂದ ನಮ್ಮ ಅತ್ತೆ ಗಂಗಮ್ಮ ಈ ಸುದ್ದಿಯನ್ನು ಓಣಿಗೆಲ್ಲ ಹಂಚಿದ್ದರು. ಸೊಂಟ ಉಳುಕಿದವರು ಬಂದು ನಮ್ಮ ಹೊಸ್ತಿಲ ಬಳಿ ಬೋರಲು ಮಲಗುತ್ತಿದ್ದರು, ಇವಳು ನಗುತ್ತಾ ತುಳಿದು ಓಡುತ್ತಿದ್ದಳು, ಅವರು ಏಳುತ್ತಾ ಒಂದು ಚಾಕೊಲೇಟು ಕೊಡುತ್ತಿದ್ದರು. ನಾನು ತಮಾಷೆ ನೋಡುತ್ತಿದ್ದೆ. ಅಮ್ಮನ ಲ್ಯಾಬಿಗಿಂತ ಮಗಳ ಕಾಲಿಗೇ ಗಿರಾಕಿ ಹೆಚ್ಚು ಎಂದು ನನ್ನ ಗಂಡ ರುದ್ರೇಶ ಕಿಚಾಯಿಸುತ್ತಿದ್ದರು. ಅದರಿಂದ ಯಾರಿಗೂ ಕೆಟ್ಟದ್ದಾಗಲಿಲ್ಲ, ಹೀಗಾಗಿ ಬೇಡ ಅನ್ನಬೇಕೆಂದು ನನಗೆ ತೋಚಲೂ ಇಲ್ಲ.

ಆ ಆಷಾಢದಲ್ಲೇ ರುದ್ರೇಶ ಮನೆಯ ಮುಂದೆ ನೀರಿನ ಸಂಪು ತೋಡಿಸಲು ಶುರುಮಾಡಿದ್ದರು. ಅವರದು ಪಂಪ್‌ಸೆಟ್ ರಿಪೇರಿಯ ಅಂಗಡಿ; ಊರಿನವರ ನೀರಿನ ತೊಂದರೆಯನ್ನೆಲ್ಲ ಬಗೆಹರಿಸುವ ಮನುಷ್ಯನಿಗೆ ತನ್ನ ಮನೆಯ ಸಂಪು ಕಟ್ಟಿಸಲು ಅಷ್ಟು ವರ್ಷ ಹಿಡಿದಿತ್ತು. ಆಳುದ್ದ ಅಗೆಯುವಷ್ಟರಲ್ಲಿ ಮಳೆ ಜೋರಾಗಿ ಕೆಲಸ ನಿಂತಿತು. ಗೇಟಿನ ಪಕ್ಕ ಮಣ್ಣಿನ ಗುಡ್ಡೆ, ಗುಂಡಿಯ ಮೇಲೆ ಟಾರ್ಪಾಲು.

ಆಷಾಢದ ಎರಡನೆಯ ಶುಕ್ರವಾರ ಅತ್ತೆ ಲಕ್ಷ್ಮಿಪೂಜೆಗೆ ಓಣಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ನಾನು ಲ್ಯಾಬಿನಲ್ಲಿದ್ದೆ. ಒಳಗೆ ಬಂದು ನೋಡಿದರೆ ಲಕ್ಷ್ಮಿಯ ಮುಂದೆ ನನ್ನ ಬಾಟಲಿಗಳು. ಹಳೆ ಕಾಸು, ಲಕ್ಷ್ಮಿ ಅಲ್ಲವೇ ಎಂದು ಅತ್ತೆ ಅಕ್ಕರೆಯಿಂದ ಜೋಡಿಸಿಟ್ಟು ಒಂದೊಂದಕ್ಕೂ ಕುಂಕುಮ ಹಚ್ಚಿದ್ದರು. ಸೊಸೆಯ ತವರಿನಿಂದ ಬಂದದ್ದೆಂದು ಹೇಳಿಯೂ ಇದ್ದರು. ನಂಬಬೇಕಲ್ಲ ಯಾರಾದರೂ. ತವರಿನಿಂದ ಮಣ್ಣು ಮೆತ್ತಿದ ಕಾಸು ಯಾರಿಗೆ ಬರುತ್ತದೆ? ಹೊರಗೆ ನೋಡಿದರೆ ಹೊಸದಾಗಿ ತೋಡಿದ ಗುಂಡಿ. ಒಳಗೆ ನೋಡಿದರೆ ಕಾಲು ಮುಂದಾಗಿ ಹುಟ್ಟಿದ ಹುಡುಗಿ. ಅಂಥವರ ಕಣ್ಣಿಗೆ ನೆಲದೊಳಗಿನ ನಿಧಿ ಕಾಣುತ್ತದೆ ಎಂಬ ಇನ್ನೊಂದು ನಂಬಿಕೆ ಇರುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಓಣಿಗೆ ಗೊತ್ತಿತ್ತು. ವಾರ ಕಳೆಯುವುದರೊಳಗೆ ನಿಟ್ಟುವಳ್ಳಿಯ ಗಂಗಮ್ಮನ ಮನೆಯಲ್ಲಿ ನಿಧಿ ಸಿಕ್ಕಿದೆ, ಮೊಮ್ಮಗಳೇ ಜಾಗ ತೋರಿಸಿದಳು ಎಂದು ಸುದ್ದಿಯಾಯಿತು.

ಮೊದಮೊದಲು ನಕ್ಕೆವು. ಆಮೇಲೆ ಸೊಂಟನೋವಿನವರು ಜಾಸ್ತಿಯಾದರು. ಗೊತ್ತಿರದ ಮುಖಗಳು, ಬೇರೆ ಊರಿನ ಬೈಕುಗಳು. ಹೊಸ್ತಿಲಲ್ಲಿ ಮಲಗಿದವರ ಕಣ್ಣು ಟಾರ್ಪಾಲಿನ ಕಡೆಗಿರುತ್ತಿತ್ತು. ಒಬ್ಬ ಶುಗರ್ ಪರೀಕ್ಷೆಗೆಂದು ಬಂದು ರಕ್ತ ಕೊಟ್ಟು, ರಿಪೋರ್ಟು ಒಯ್ಯಲು ಬರಲೇ ಇಲ್ಲ; ಅವನು ಕೇಳಿದ್ದೆಲ್ಲ ನಿಮ್ಮ ಮಗಳು ಎಷ್ಟನೇ ಕ್ಲಾಸು, ಯಾವ ಶಾಲೆ ಎಂದು. ನಾನು ಮಾತಿನ ಭರದಲ್ಲಿ ಹೇಳಿಯೂ ಬಿಟ್ಟಿದ್ದೆ. ಅವತ್ತು ಅವನು ಹೋದ ಕೂಡಲೇ ರುದ್ರೇಶರಿಗೆ ಫೋನ್ ಮಾಡಿದೆ.

ಸಿಂಚನಳನ್ನು ಶಾಲೆಗೆ ಬಿಡುವುದು ಕರೆತರುವುದು ರುದ್ರೇಶರ ಪಾಲಿಗೆ ಬಂತು. ಏನೂ ಆಗಲ್ಲ ಬಿಡು ಎಂದು ನನಗೆ ಹೇಳುತ್ತಲೇ ಅವರು ಹಿತ್ತಲ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದರು. ಒಂದು ದಿನ ಆಳುಗಳನ್ನು ಕರೆಸಿ, ಅರ್ಧ ತೋಡಿದ ಸಂಪನ್ನು ಮಣ್ಣು ತುಂಬಿಸಿ ಮುಚ್ಚಿಸಿಯೇಬಿಟ್ಟರು. ಗುಂಡಿ ಇದ್ದರಲ್ಲವೇ ಮಾತು ಎಂಬುದು ಅವರ ಲೆಕ್ಕ. ಸಿಕ್ಕಿದ್ದೆಲ್ಲ ತೆಗೆದುಕೊಂಡ ಮೇಲೆ ಮುಚ್ಚಿದರು ಎಂದು ಜನ ಲೆಕ್ಕ ಹಾಕಿದರು. ನಾವು ಏನು ಮಾಡಿದರೂ ಅದು ಸುದ್ದಿಗೆ ಪುರಾವೆಯೇ ಆಗುತ್ತಿತ್ತು.

ಅಮಾವಾಸ್ಯೆ ಹತ್ತಿರ ಬರುತ್ತಿದ್ದಾಗ, ಒಂದು ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಕಾರು ನಿಂತಿತು. ಇಳಿದವರು ಬಿಳಿ ಅಂಗಿ, ಬಿಳಿ ಪಂಚೆಯ ವಯಸ್ಸಾದವರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಹಣ್ಣಿನ ಚೀಲ. ಮಾಯಕೊಂಡದ ಆಚೆಯವರು ಎಂದರೇ ಹೊರತು ಊರಿನ ಹೆಸರು ಹೇಳಲಿಲ್ಲ. ನಮ್ಮ ಅಪ್ಪ ಅವರ ಹೊಲಕ್ಕೂ ಬಂದಿದ್ದರಂತೆ, ದೊಡ್ಡ ಮನುಷ್ಯರು ಎಂದು ಕೈಮುಗಿದರು. ಅತ್ತೆ ಚಹಾ ಕೊಟ್ಟರು. ಮಾತು ಮಳೆಯಿಂದ ಬೆಳೆಗೆ, ಬೆಳೆಯಿಂದ ಅವರ ಹಳೆ ಮನೆಗೆ ಬಂತು. ಅವರ ಮುತ್ತಜ್ಜಿ ಬಚ್ಚಿಟ್ಟ ಚಿನ್ನ ಅದರೊಳಗೆ ಎಲ್ಲೋ ಇದೆಯಂತೆ.

‘ಕೂಸನ್ನ ಒಂದ್ ತಾಸು ಕಳಿಸಿ ಕೊಡ್ರಿ. ಅಮಾಸಿ ದಿನ, ಹಾಡಹಗಲೇ. ನೀವೂ ಜತಿಗೆ ಬರ್ರಿ. ಎಲಿ ಮ್ಯಾಲೆ ಅಂಜನ ಹಚ್ಚಿ ಕೊಡ್ತೀವಿ, ನೋಡಿ ಜಾಗ ಹೇಳಿದ್ರಾತು.’

ಹೇಳುತ್ತಲೇ ಜೇಬಿನಿಂದ ಸಣ್ಣ ಹಿತ್ತಾಳೆ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ನಮ್ಮ ಟೀಪಾಯಿ ಮೇಲೆ ಇಟ್ಟರು. ಒಳಗೆ ಕಪ್ಪನೆಯ ಅಂಜನ. ಹರಳೆಣ್ಣೆ ಕಾಡಿಗೆಯ ವಾಸನೆ ನಡುಮನೆಯಲ್ಲೆಲ್ಲ ಹರಡಿತು. ಒಳಗಿನ ಕೋಣೆಯಲ್ಲಿ ಸಿಂಚನ ಪಾಠ ಓದುತ್ತಿದ್ದ ದನಿ ನಿಂತಿತು. ಅವಳಿಗೆ ಎಲ್ಲ ಕೇಳಿಸುತ್ತಿದೆ ಎಂದು ನನಗೆ ಗೊತ್ತಾಯಿತು.

ನಮ್ಮ ಹುಡುಗಿಗೆ ಅಂಥದ್ದೇನೂ ಕಾಣುವುದಿಲ್ಲ, ಇವು ನಮ್ಮ ಮಾವನವರ ನಾಣ್ಯಗಳು ಎಂದು ರುದ್ರೇಶ ಬಿಡಿಸಿ ಹೇಳಿದರು. ಆ ಹಿರಿಯರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕೇಳಿ, ಮಗುವಿನ ಸುಳ್ಳಿಗೆ ನಗುವಂತೆ ನಕ್ಕರು. ಆಮೇಲೆ ಅತ್ತೆಯ ಕಡೆ ತಿರುಗಿದರು.

‘ಕೂಸು ಇನ್ನಾ ದೊಡ್ಡೋಳಾಗಿಲ್ಲಲ್ಲ, ಅವ್ವಾರೆ?’

‘ಎಲ್ಲಿ, ಇನ್ನಾ ಕೂಸು ಅದು,’ ಅಂದರು ಅತ್ತೆ, ಯೋಚನೆಯಿಲ್ಲದೆ.

‘ಹಂಗಾರೆ ಚಲೋ ಆತು. ದೊಡ್ಡೋಳಾದ್ಮ್ಯಾಲೆ ಅಂಜನದಾಗೆ ಏನೂ ಕಾಣಂಗಿಲ್ಲ.’

ನಾನು ಎದ್ದು ನಿಂತೆ. ದಯವಿಟ್ಟು ಹೊರಡಿ ಅಂದೆ. ಅವರು ಸಿಟ್ಟಾಗಲಿಲ್ಲ, ಡಬ್ಬಿ ಮುಚ್ಚಿಕೊಂಡು ಎದ್ದರು. ಯೋಚನೆ ಮಾಡಿ ಹೇಳಿ, ಮತ್ತೆ ಬರುತ್ತೇನೆ ಅಂದರು. ಅವರು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಹಣ್ಣಿನ ಚೀಲ ಬಿಚ್ಚಿದರೆ ತಳದಲ್ಲಿ ಲಂಗಕ್ಕೆಂದು ಕೆಂಪು ಬಟ್ಟೆ ಮಡಿಸಿಟ್ಟಿದ್ದರು. ನಿಧಿಯ ಆಸೆಗೆ ಮಕ್ಕಳನ್ನು ಏನೇನು ಮಾಡುತ್ತಾರೆ ಎಂದು ಪೇಪರಿನಲ್ಲಿ ಓದಿದ್ದೆಲ್ಲ ಒಮ್ಮೆಲೇ ನೆನಪಾಗಿ ಒಳಗಿನ ಕೋಣೆಗೆ ಹೋಗಿ ಸಿಂಚನಳನ್ನು ಅಪ್ಪಿಕೊಂಡು ಕೂತೆ.

ಆ ಟ್ರಂಕನ್ನು ಒಯ್ದು ಹೊಳೆಗೆ ಸುರಿದು ಬಿಡೋಣ, ಪೀಡೆ ಕಳೆಯಲಿ ಎಂದರು ರುದ್ರೇಶ. ನನಗೂ ಒಂದು ಗಳಿಗೆ ಹೌದೆನಿಸಿತು. ಆಮೇಲೆ ಹೊಳೆದದ್ದು, ಅವರಿಗೆ ನಾಣ್ಯ ಬೇಕಾಗಿಯೇ ಇಲ್ಲ. ಬಂದವರಲ್ಲಿ ಒಬ್ಬರೂ ಕಾಸು ತೋರಿಸಿ ಎಂದು ಕೇಳಿರಲಿಲ್ಲ. ನಾಣ್ಯ ಬರೀ ಸಾಕ್ಷಿ, ಬೇಕಾಗಿರುವುದು ಮಗಳು. ಹೊಳೆಗೆ ಸುರಿಯಬಹುದಾದದ್ದನ್ನು ಸುರಿದು ಏನು ಪ್ರಯೋಜನ? ಪೊಲೀಸರಿಗೆ ಹೇಳೋಣವೆಂದರೆ ಏನೆಂದು ಹೇಳುವುದು? ಒಬ್ಬ ಹಿರಿಯರು ಬಂದರು, ಹಣ್ಣು ಕೊಟ್ಟರು, ಕೈಮುಗಿದು ಹೋದರು. ಅಷ್ಟೇ ತಾನೇ ಆಗಿದ್ದು.

ಅಮಾವಾಸ್ಯೆ ಮುಗಿಯುವವರೆಗೆ ಇರಲಿ ಎಂದು ಸಿಂಚನಳನ್ನು ಹರಿಹರಕ್ಕೆ, ಅಣ್ಣನ ಮನೆಗೆ ಕಳಿಸಿದೆವು. ಹಳೆ ಊರಿನ ಓಣಿ, ಹೊಳೆಗೆ ಹತ್ತಿರ, ಅಲ್ಲಿ ಅವಳನ್ನು ಬಲ್ಲವರಿಲ್ಲ. ಅತ್ತಿಗೆಗೆ ಪೂರ್ತಿ ವಿಷಯ ಹೇಳಿರಲಿಲ್ಲ. ಹೇಳಿದರೆ ಅಲ್ಲೂ ಹಬ್ಬೀತು ಎಂಬ ಅಂಜಿಕೆ. ಅಮಾವಾಸ್ಯೆಯ ದಿನ ನಾನು ಒಬ್ಬರ ತೋಳಿಗೆ ಪಟ್ಟಿ ಕಟ್ಟುತ್ತಿದ್ದಾಗ ಅತ್ತಿಗೆಯ ಫೋನ್ ಬಂತು. ನಗುತ್ತಾ ಹೇಳಿದಳು: ದೇವಸ್ಥಾನದ ಅಂಗಳದಲ್ಲಿ ಒಬ್ಬ ಹೆಂಗಸು ಬಂದು, ಇದು ನಿಟ್ಟುವಳ್ಳಿ ಗಂಗಮ್ಮನ ಮೊಮ್ಮಗಳಲ್ಲವೇ ಎಂದಳಂತೆ. ಕೂತುಕೊಂಡು ಸಿಂಚನಳ ಕಾಲು ಹಿಡಿದು, ಅಂಗಾಲು ತಿರುಗಿಸಿ ನೋಡಿದಳಂತೆ. ನಿನ್ನ ಮಗಳ ಕಾಲಿಗೆ ಹರಿಹರದಲ್ಲೂ ಬೇಡಿಕೆ ಐತಲ್ಲ ಸುಮಾ, ಅಂದಳು ಅತ್ತಿಗೆ.

ಕಟ್ಟಿದ ಪಟ್ಟಿಯನ್ನು ಬಿಚ್ಚಿ, ನಾಳೆ ಬರ್ರಿ ಎಂದು ಆ ಪೇಷಂಟನ್ನು ಎಬ್ಬಿಸಿ ಕಳಿಸಿದೆ. ಹರಿಹರದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮತ್ತೆ ಮತ್ತೆ ಫೋನ್ ಮಾಡಿದೆ, ಅತ್ತಿಗೆ ಎತ್ತಲಿಲ್ಲ. ಅಣ್ಣನೂ ಎತ್ತಲಿಲ್ಲ. ಹದಿನೈದು ಕಿಲೋಮೀಟರಿನ ದಾರಿ, ಚಿಕ್ಕಂದಿನಿಂದ ಓಡಾಡಿದ ದಾರಿ, ಅವತ್ತು ಮುಗಿಯಲೇ ಇಲ್ಲ. ಇಳಿದವಳು ಓಡಿದೆ. ಮನೆಗೆ ಬೀಗ. ಪಕ್ಕದ ಮನೆಯಾಕೆ, ಹೊಳೆ ಕಡೆ ಹೋದಂಗಾತು ನೋಡ್ರಿ ಅಂದರು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅಪ್ಪ ಬೇಸಿಗೆಯಲ್ಲಿ ಕೂತು ಮರಳು ಜಾಲಾಡುತ್ತಿದ್ದ ಮೆಟ್ಟಿಲುಗಳೆಲ್ಲ ಒಳಗೆ ಹೋಗಿದ್ದವು. ಅಮಾವಾಸ್ಯೆಯ ಸ್ನಾನಕ್ಕೆ ಬಂದ ಹೆಂಗಸರ ಮುಖ ಒಂದೊಂದನ್ನೇ ನೋಡುತ್ತಾ ಮಗಳ ಹೆಸರು ಕೂಗಿದೆ.

ಸಿಕ್ಕಿದ್ದು ಹಿಂದಿನ ಓಣಿಯ ಹಿಟ್ಟಿನ ಗಿರಣಿಯಲ್ಲಿ. ನಾಗರಪಂಚಮಿಯ ತಂಬಿಟ್ಟಿಗೆಂದು ಅತ್ತಿಗೆ ಹಿಟ್ಟು ಬೀಸಿಸುತ್ತಿದ್ದಳು. ಗಿರಣಿಯ ಸದ್ದಿಗೆ ಫೋನು ಕೇಳಿಸಿರಲಿಲ್ಲ. ಅಣ್ಣ ಕೆಲಸದಲ್ಲಿದ್ದ. ಸಿಂಚನ ಚೀಲಗಳ ಮೇಲೆ ಪಾದಗಳನ್ನು ಲಂಗದೊಳಗೆ ಮುಚ್ಚಿಕೊಂಡು ಕೂತಿದ್ದಳು. ನನ್ನನ್ನು ಕಂಡು ಅಳಲಿಲ್ಲ, ಎದ್ದು ಬಂದು ಕೈ ಹಿಡಿದುಕೊಂಡಳು. ಕಾಲಿನಲ್ಲಿ ಅಣ್ಣನ ಮಗನ ಸಾಕ್ಸು ಇದ್ದವು, ಅವಳಿಗೆ ದೊಡ್ಡವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಿಸಿದ ಮೇಲೆ ಮೆಲ್ಲಗೆ ಹೇಳಿದಳು:

‘ಅಮ್ಮ, ಆಕಿ ಹಿಂದೆ ಇನ್ನೊಬ್ರು ನಿಂತಿದ್ರು. ಅವ್ರಿಗೆ ಆಕಿ, ಈ ಅಮಾಸಿ ಹೋದ್ರೆ ಹೋಗ್ಲಿ, ಮುಂದಿಂದು ಐತಲ್ಲ ಅಂದ್ಲು.’

ಅದನ್ನು ಮನೆಯಲ್ಲಿ ಹೇಳಿದಾಗ ರುದ್ರೇಶ ತಲೆ ಹಿಡಿದುಕೊಂಡು ಕೂತರು. ಅತ್ತೆ ಪಂಚಮಿಗೆಂದು ಎಳ್ಳು ಹುರಿಯುತ್ತಿದ್ದವರು ಒಲೆ ಆರಿಸಿ ಬಂದು ನನ್ನೆದುರು ನೆಲದ ಮೇಲೆ ಕೂತರು. ಆ ಹಿರಿಯರು ಬಂದುಹೋದ ದಿನದಿಂದ ಅತ್ತೆ ಹೆಚ್ಚು ಮಾತಾಡಿರಲಿಲ್ಲ.

‘ಪಂಚಮಿ ದಿನ ಕೂಸಿಗೆ ಆರತಿ ಮಾಡಾನ,’ ಅಂದರು. ‘ದೊಡ್ಡೋಳಾದ್ಲು ಅಂತ ಓಣಿಗೆಲ್ಲ ಹೇಳಿ ಬರ್ತೀನಿ.’

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಸಿಟ್ಟು ನೆತ್ತಿಗೇರಿತು. ಶಾಲೆಗಳಿಗೆ ಹೋಗಿ ಹುಡುಗಿಯರಿಗೆ, ಇದು ದೇಹದ ಸಹಜ ಕೆಲಸ, ಇದಕ್ಕೆ ಮೂಲೆಯಲ್ಲಿ ಕೂರುವುದೂ ಬೇಡ, ಊರಿಗೆ ಡಂಗುರ ಹೊಡೆಯುವುದೂ ಬೇಡ ಎಂದು ಭಾಷಣ ಮಾಡಿ ಬರುವವಳು ನಾನು. ನಮ್ಮಲ್ಲಿ ಸೂತಕ ಗೀತಕ ಇಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದವರು ಇದೇ ಅತ್ತೆ. ಇನ್ನೂ ಗೊಂಬೆಯ ಕೂದಲು ಬಾಚುವ ಹುಡುಗಿಗೆ ಸೀರೆ ಉಡಿಸಿ, ಆಗದೇ ಇದ್ದದ್ದನ್ನು ಆಯಿತೆಂದು ಜನರ ಮುಂದೆ ಕೂಡಿಸುವುದೇ? ಬಾಯಿಗೆ ಬಂದದ್ದೆಲ್ಲ ಅಂದೆ. ಅವರ ಬಾಯಿಯಿಂದಲೇ ಈ ಗತಿ ಬಂತೆಂದೂ ಅಂದೆ.

ಅತ್ತೆ ಅಳಲಿಲ್ಲ. ‘ಹೌದು, ನನ್ ಬಾಯಿಂದ್ಲೇ ಬಂದಿದ್ದು. ನನ್ ಬಾಯಿಂದ್ಲೇ ಹೋಗ್ಬೇಕು,’ ಅಂದರು. ‘ನೀನು ಖರೇ ಹೇಳಿ ನೋಡಿದಿ, ಯಾರು ನಂಬಿದ್ರು? ಅವ್ರು ನಂಬೋದನ್ನೇ ಹೇಳ್ಬೇಕು ಸುಮಾ.’

ನನ್ನಲ್ಲಿ ಬೇರೆ ದಾರಿಯಿರಲಿಲ್ಲ. ಸಿಂಚನಳನ್ನು ಕೂಡಿಸಿಕೊಂಡು ಹೇಳಿದವಳು ನಾನೇ. ಏನು ಹೇಳುತ್ತಿದ್ದೇವೆ, ಯಾಕೆ ಹೇಳುತ್ತಿದ್ದೇವೆ ಎಂದು ಎಲ್ಲ ಬಿಡಿಸಿ ಹೇಳಿದೆ. ಸುಳ್ಳು ಹೇಳಬೇಕಾ ಎಂದು ಕೇಳಿದಳು. ಹೌದು ಅಂದೆ. ತನ್ನ ಸಾಕ್ಸನ್ನು ಮೇಲೆಳೆದುಕೊಂಡಳು. ‘ಆಮ್ಯಾಲೆ ಯಾರೂ ನನ್ ಕಾಲು ಮುಟ್ಟಲ್ಲ ಅಲ್ವಾ?’ ಅಂದಳು. ಮುಟ್ಟುವುದಿಲ್ಲ ಅಂದೆ, ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ.

ಪಂಚಮಿಯ ದಿನ ಹಬ್ಬಕ್ಕೆ ಮಾಡಿದ ಚಿಗಳಿ ಉಂಡೆಗಳೇ ಆರತಿಗೂ ಆದವು. ನನ್ನ ಮದುವೆಯ ಹಸಿರು ಸೀರೆಯನ್ನು ನಾಲ್ಕು ಮಡಿಕೆ ಹಾಕಿ ಉಡಿಸಿ ಅವಳನ್ನು ಮಣೆಯ ಮೇಲೆ ಕೂಡಿಸಿದೆವು. ಓಣಿಯ ಹೆಂಗಸರೆಲ್ಲ ಬಂದರು, ಹೊರಗಿನವರೂ ಬಂದರು. ಅತ್ತೆ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಿದ್ದನ್ನೇ ಹೇಳಿದರು: ಇನ್ನು ಸೊಂಟ ಗಿಂಟ ತುಳಿಯುವ ಆಟ ಮುಗಿಯಿತು, ನಮ್ಮ ಕೂಸಿನ ಕಾಲ್ಗುಣವೆಲ್ಲ ಹೋಯಿತು. ಅತ್ತೆ ಎಂಥ ಕಲಾವಿದೆ ಎಂದು ಅವತ್ತು ಗೊತ್ತಾಯಿತು. ಹೇಳುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಥವಾ ನಿಜವಾಗಿಯೇ ಅತ್ತರೋ ಏನೋ. ಹಾಡು ಹೇಳಿ ಆರತಿ ಬೆಳಗಿದರು. ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಹಾಕಿದರು. ಗುರುತಿಲ್ಲದ ಒಬ್ಬಾಕೆ ಉಡಿ ತುಂಬುವಾಗ ಸಿಂಚನಳ ಮುಖವನ್ನು ಬಹಳ ಹೊತ್ತು ನೋಡಿದಳು. ಸಿಂಚನ ಕಣ್ಣು ಕೆಳಗೆ ಹಾಕಿದಳು. ನಾಚಿಕೆಯೆಂದು ಎಲ್ಲರೂ ನಕ್ಕರು. ಅದು ಭಯವೆಂದು ನನಗೊಬ್ಬಳಿಗೇ ಗೊತ್ತಿತ್ತು. ಪಕ್ಕದ ಓಣಿಯ ಬೇವಿನ ಮರಕ್ಕೆ ಕಟ್ಟಿದ ಪಂಚಮಿಯ ಜೋಕಾಲಿಯಲ್ಲಿ ಅವಳ ಗೆಳತಿಯರು ಕಿರುಚುತ್ತಾ ತೂಗುವುದು ಒಳಗಿನವರೆಗೂ ಕೇಳಿಸುತ್ತಿತ್ತು. ಪ್ರತಿ ವರ್ಷ ಮೊದಲ ಜೀಕು ಅವಳದೇ ಇರುತ್ತಿತ್ತು.

ಮುಂದಿನ ವಾರ ಬಿಳಿ ಅಂಗಿಯ ಹಿರಿಯರು ಬಂದರು. ಒಳಗೆ ಬರಲಿಲ್ಲ, ಗೇಟಿನ ಆಚೆಯೇ ನಿಂತರು. ಸುದ್ದಿ ಅವರಿಗೆ ಮುಟ್ಟಿತ್ತು. ನಾನು ಕೆಂಪು ಬಟ್ಟೆಯನ್ನು ತಂದು ಅವರ ಕೈಗೆ ಕೊಟ್ಟೆ. ಅದನ್ನು ತೆಗೆದುಕೊಂಡು ನಿಟ್ಟುಸಿರು ಬಿಟ್ಟರು.

‘ತಡಾ ಮಾಡಿದ್ವಿ. ಇರ್ಲಿ ಬಿಡವ್ವ, ಬ್ಯಾರೆ ಕೂಸು ನೋಡ್ತೀವಿ.’

ಗೇಟು ಹಿಡಿದುಕೊಂಡು ನಿಂತೆ. ನನ್ನ ಮಗಳು ಉಳಿದಳೆಂಬ ನೆಮ್ಮದಿ ಎದೆಗೆ ಇಳಿಯುವ ಮೊದಲೇ ಈ ಮಾತು ಒಳಗೆ ಹೊಕ್ಕಿತು. ಯಾವ ಊರಿನಲ್ಲಿ, ಯಾರ ಕೂಸು? ರುದ್ರೇಶ ಅಂಗಡಿಯಿಂದ ಬರುವಾಗ ಕಾರಿನ ನಂಬರು ಬರೆದುಕೊಂಡಿದ್ದರು. ಅವತ್ತೇ ಇಬ್ಬರೂ ಠಾಣೆಗೆ ಹೋಗಿ ಎಲ್ಲ ಹೇಳಿ ಬಂದೆವು. ಕರೆಸಿ ಎಚ್ಚರಿಕೆ ಕೊಟ್ಟಿದ್ದೇವೆ, ಆ ಮನೆಯ ಮೇಲೆ ಕಣ್ಣಿಟ್ಟಿದ್ದೇವೆ ಎಂದು ಆಮೇಲೆ ಅಲ್ಲಿಂದ ತಿಳಿಸಿದರು. ಆದರೂ ಇವತ್ತಿಗೂ ಪ್ರತಿ ಅಮಾವಾಸ್ಯೆಯ ಮರುದಿನ ಪೇಪರಿನ ಜಿಲ್ಲಾಸುದ್ದಿಯ ಪುಟವನ್ನೇ ನಾನು ಮೊದಲು ತೆಗೆದು ನೋಡುತ್ತೇನೆ.

ನಾಣ್ಯದ ಕೆಲಸವನ್ನು ಚಳಿಗಾಲದಲ್ಲಿ ಮುಗಿಸಿದೆ. ಮಣ್ಣಿನ ಸಮೇತವೇ ಇಟ್ಟಿದ್ದೇನೆ, ಅಪ್ಪನ ಮಾತು ಮೀರಲು ಮನಸ್ಸಾಗಲಿಲ್ಲ. ಬಾಟಲಿಗಳು ಲ್ಯಾಬಿನ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಪೆಟ್ಟಿಗೆಯೊಳಗಿವೆ. ಪೆಟ್ಟಿಗೆಯ ಮೇಲೆ ‘ಮೂತ್ರದ ಸ್ಯಾಂಪಲ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅದನ್ನು ತೆರೆದು ನೋಡುವ ಧೈರ್ಯ ಯಾವ ನಿಧಿಗಳ್ಳನಿಗೂ ಬರಲಾರದು. ಸಿಂಚನ ಮಾತ್ರ ಆಮೇಲೆ ಬಂದು ಪಕ್ಕದಲ್ಲಿ ಕೂರಲಿಲ್ಲ. ಆರುನೂರು ವರ್ಷದ ಪೇಷಂಟಿನ ತಮಾಷೆಯನ್ನೂ ಮಾಡಲಿಲ್ಲ. ಸಾಕ್ಸು ಹಾಕಿಕೊಂಡೇ ಓಡಾಡುತ್ತಿದ್ದಳು, ಮನೆಯೊಳಗೂ, ಸೆಕೆಯಲ್ಲೂ. ಕೇಳಿದರೆ ಕಾಲು ತಣ್ಣಗಾಗುತ್ತದೆ ಅನ್ನುತ್ತಿದ್ದಳು. ರೂಢಿಯಾಗಿರಬೇಕೆಂದು ನಾನೂ ಸುಮ್ಮನಾದೆ.

ಅದರ ಮುಂದಿನ ವರ್ಷ, ಬೇಸಿಗೆ ರಜೆಯ ಒಂದು ಮಧ್ಯಾಹ್ನ, ನಾನು ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಅವಳು ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು. ‘ಅಮ್ಮ, ಈ ಸಲ ಖರೇ,’ ಅಂದಳು.

ಯಾರನ್ನೂ ಕರೆಯುವಂತಿರಲಿಲ್ಲ, ಯಾರಿಗೂ ಹೇಳುವಂತಿರಲಿಲ್ಲ. ಓಣಿಯ ಪಾಲಿಗೆ ಅದು ಎಂದೋ ಮುಗಿದ ಮಾತು. ಅತ್ತೆ ಬಾಗಿಲು ಹಾಕಿ, ದೇವರ ಮುಂದಿನ ದೀಪವನ್ನೇ ತಂದು ಸದ್ದಿಲ್ಲದೆ ಆರತಿ ಬೆಳಗಿದರು. ಹಾಡು ಬಾಯಿಯೊಳಗೇ ಹೇಳಿದರು. ಅಪ್ಪನ ಆನೆ ಕಾಸೊಂದನ್ನು ತೆಗೆದು ನಾನು ಅವಳ ಉಡಿಗೆ ಹಾಕಿದೆ. ಅದಕ್ಕೆ ಮೆತ್ತಿದ್ದ ಹೊಳೆ ಮರಳು ಅವಳ ಅಂಗೈಗೆ ಉದುರಿತು. ಅವಳು ಅದನ್ನು ನೋಡುತ್ತಾ ಕೂತಳು. ಆಮೇಲೆ ತಲೆ ಎತ್ತಿ, ಆ ಸುಳ್ಳು ನಿಜವಾಗುವವರೆಗೆ ಒಬ್ಬಳೇ ಹೊತ್ತುಕೊಂಡಿದ್ದನ್ನು ಕೇಳಿಯೇಬಿಟ್ಟಳು.

‘ಇನ್ನು ಸಾಕ್ಸ್ ತಗೀಲಾ ಅಮ್ಮ?’